ಏಳು ಜನ ಕಟ್ಟಿದ ಕಾವಲಿನವನು

ಮ್ಯೂರಿಯಲ್ ಡ್ಯಾಂಪಿಯರ್ ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಪೇಟೆಯಲ್ಲಿ ಕೈಗವಸು ಮಾರುವವಳು. ಗಿರಾಕಿಯ ಕೈ ಕಂಡರೆ ಸಾಕು, ಅಳತೆ ಹೇಳಿಬಿಡುತ್ತಿದ್ದಳು. ಮುಖ ಮಾತ್ರ ಮರುದಿನಕ್ಕೇ ಮರೆತುಹೋಗುತ್ತಿತ್ತು. ಅದಕ್ಕೇ ಇರಬೇಕು, ಮೊದಲ ಮಹಾಯುದ್ಧ ಮುಗಿದ ಮರುವರ್ಷ ಉಣ್ಣೆಯಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ ಗುಪ್ತಕೂಟಕ್ಕೆ ಅವಳು ಸೇರಿದಾಗ, ಅಲ್ಲಿನ ಹಿರಿಯ ಟಿಲ್ಲಿಂಗ್ ಅವಳಿಗೆ ಕೈಗಳನ್ನೇ ವಹಿಸಿದ್ದು.

ಗುಪ್ತಕೂಟ ಅಂದಕೂಡಲೇ ರಕ್ತ, ಕತ್ತಿ ಅಂತ ಹೆದರಬೇಡಿ. ಪಿಯಾನೊ ಶ್ರುತಿ ಮಾಡುವ ಟಿಲ್ಲಿಂಗ್, ಅಂಚೆ ಕಚೇರಿಯವರೊಬ್ಬರು, ಇಬ್ಬರು ಟೀಚರಮ್ಮಂದಿರು, ಹೀಗೆ ಅವಳೂ ಸೇರಿ ಏಳು ಸಾಧು ಪ್ರಾಣಿಗಳು. ಬುಧವಾರ ಮಧ್ಯಾಹ್ನ ಅರ್ಧ ದಿನದ ರಜೆಗೆಂದು ಪೇಟೆ ಬಾಗಿಲೆಳೆದ ಮೇಲೆ ಚಹಾ ಕುಡಿದು, ಬೂಟು ಕಳಚಿ, ಕಣ್ಣು ಮುಚ್ಚಿ ದುಂಡಗೆ ಕೂತು, ಮನಸ್ಸಿನಲ್ಲೇ ಒಬ್ಬನನ್ನು ಕಟ್ಟುತ್ತಿದ್ದರು. ಒಬ್ಬರು ಪಾದ, ಇನ್ನೊಬ್ಬರು ನಿಲುವಂಗಿ, ಟಿಲ್ಲಿಂಗ್ ಮುಖ. ಏಳು ಮನಸ್ಸು ಒಂದಾದರೆ ಅವನಿಗೆ ಜೀವ ಬರುತ್ತದೆ, ಕೂಟವನ್ನು ಕಾಯುತ್ತಾನೆ ಎಂದು ನಂಬಿದ್ದರು. ಕಾವಲಿನವನು ಅಂತಲೇ ಅವನ ಹೆಸರು. ಕಟ್ಟಳೆ ಒಂದೇ: ಸತ್ತವರ ಚಹರೆಯನ್ನು ಅವನಿಗೆ ತೊಡಿಸಕೂಡದು. ತೊಡಿಸಿದರೆ ಸತ್ತವರು ಮುಂದಕ್ಕೆ ಹೋಗಲಾರರು.

ಮ್ಯೂರಿಯಲ್ ಮೊದಲ ವಾರವೇ ಅದನ್ನು ಮುರಿದಳು. ಬೇಕೆಂದು ಮಾಡಿದ್ದಲ್ಲ. ಕೈಗಳನ್ನು ನೆನೆದಳು, ಬಂದದ್ದು ಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಕಳೆದುಹೋದ ತಮ್ಮನ ಕೈ. ಮೀನು ಸೀಳುವಾಗ ಎಡಗೈ ಹೆಬ್ಬೆರಳ ಬುಡಕ್ಕೆ ಬಿದ್ದ ಗಾಯದ ಗುರುತೂ ಇತ್ತು. ಓಡಿಸಲು ಮನಸ್ಸಾಗಲಿಲ್ಲ. ಪಾಪ, ಯಾರಿಗೆ ತಾನೇ ಆದೀತು? ಮುಂದೆ ಹತ್ತೊಂಬತ್ತು ವರ್ಷ, ಬುಧವಾರದ ಮಂಕು ಬೆಳಕಿನಲ್ಲಿ, ಅಲೆಗಳ ಸದ್ದು ದೂರವಾಗುತ್ತಾ ಆಗುತ್ತಾ, ಆ ಎರಡು ಕೈಗಳು ಬೆಚ್ಚಗೆ ಅವಳೆದುರು ತೇಲಿ ಬರುತ್ತಿದ್ದವು. ಲಂಡನ್ನಿನ ದೊಡ್ಡ ಅಂಗಡಿ ಕರೆದರೂ ಅವಳು ಊರು ಬಿಡಲಿಲ್ಲ.

ಒಬ್ಬೊಬ್ಬರಾಗಿ ಐವರು ತೀರಿಕೊಂಡರು. ಉಳಿದದ್ದು ಅವಳು ಮತ್ತು ಟಿಲ್ಲಿಂಗ್.

"ಇಬ್ಬರಿಂದ ಅವನ ಹೊಟ್ಟೆ ತುಂಬಲ್ಲ ಕಣಮ್ಮ," ಅಂದ ಮುದುಕ. "ಹಂಗೇ ಬಿಟ್ರೆ ಹಸ್ಕೊಂಡು ಊರೆಲ್ಲಾ ಅಲೀತಾನೆ. ಕೊಟ್ಟಿದ್ದನ್ನ ವಾಪಸ್ ತಗೊಂಡು ಕಳಿಸಿಬಿಡೋಣ."

ಇಲ್ಲ ಅಂದರೆ ಕಾರಣ ಹೇಳಬೇಕಿತ್ತು, ಅವಳು ಹೂಂ ಅಂದುಬಿಟ್ಟಳು.

ಕೊನೆಯ ಬುಧವಾರ ಕಣ್ಣು ಮುಚ್ಚಿ ಕೂತರು. ಸತ್ತವರ ಪರವಾಗಿಯೂ ಟಿಲ್ಲಿಂಗನೇ "ತಗೊಂಡೆ, ತಗೊಂಡೆ" ಎಂದು ಹೇಳುತ್ತಾ ಹೋದ. ಪಾದಗಳು ಮಂಜಿನಂತೆ ಕರಗಿದವು. ನಿಲುವಂಗಿ ತೆಳುವಾಗಿ ಕಿಟಕಿಯ ಬೆಳಕಿಗೆ ಸೇರಿತು. ಮುಖವೂ ಹೋಯಿತು. ಖಾಲಿ ಗಾಳಿಯಲ್ಲಿ ಎರಡು ಕೈ ಉಳಿದವು.

"ಈಗ ನೀನು."

"ತಗೊಂಡೆ," ಎಂದು ಮ್ಯೂರಿಯಲ್ ಸುಳ್ಳು ಹೇಳಿದಳು.

"ಎಲ್ಲಿ ತಗೊಂಡೆ? ಇಲ್ಲೇ ಇದಾವಲ್ಲ. ಹೆಬ್ಬೆರಳ ಹತ್ರ ಗಾಯದ ಗುರುತು ಕೂಡ ಕಾಣ್ತಿದೆ."

ಆ ಗುರುತಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. "ನಿಮಗೆ ಯಾವಾಗಿಂದ..."

"ಮೊದಲ್ನೇ ವಾರದಿಂದ. ಆರೂ ಜನಕ್ಕೂ ಕಾಣ್ತು. ನೀನು ಹೋದ್ಮೇಲೆ ಮಾತಾಡ್ಕೊಂಡ್ವಿ."

"ಮತ್ತೆ ಯಾಕೆ ಬೈಲಿಲ್ಲ?"

"ಆ ವರ್ಷ ಯಾರ ಮನೇಲಿ ಒಬ್ಬ ಹುಡುಗ ಕಮ್ಮಿ ಇರ್ಲಿಲ್ಲ ಹೇಳು? ಒಬ್ಳೇ ಹೊರೋದು ಬೇಡ ಅಂತ, ನಾವೂ ಆ ಗಾಯಾನ ಸೇರಿಸ್ಕೊಂಡೇ ಕಟ್ತಾ ಬಂದ್ವಿ. ತಪ್ಪೇ. ಎಲ್ರೂ ಸೇರಿ ಮಾಡಿದ ತಪ್ಪು." ಮುದುಕ ಮೂಗು ಒರೆಸಿಕೊಂಡ. "ಹತ್ತೊಂಬತ್ತು ವರ್ಷ ಕಾವಲು ನಿಂತಿದಾನೆ, ಕಾಲು ನೋಯಲ್ವೇನಮ್ಮ? ಹೋಗ್ಲಿ ಬಿಡು."

ಅವಳು ಬಹಳ ಹೊತ್ತು ಆ ಕೈಗಳನ್ನು ನೋಡಿದಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದಳು. ಬೆರಳುಗಳು ಬಿಚ್ಚಿಕೊಂಡವು, ತೆಳುವಾದವು, ಮತ್ತೆ ಕಾಣಲಿಲ್ಲ. ಮ್ಯೂರಿಯಲ್ ಸದ್ದು ಮಾಡಿ ಅತ್ತಳು.

ಟಿಲ್ಲಿಂಗ್ ಕಾದ. ಅವಳ ಅಳು ತಗ್ಗಿದ ಮೇಲೆ ಮೆಲ್ಲಗೆ ಕೇಳಿದ: "ಗಾಯ ಗೊತ್ತು, ಹೆಸರೇ ಗೊತ್ತಿಲ್ವಲ್ಲಮ್ಮ. ಏನಿತ್ತು ಅವನ ಹೆಸರು?"

ತಮ್ಮ ಹೋದ ಸುದ್ದಿಯ ತಂತಿ ಬಂದ ದಿನದಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

"ಅಂಬ್ರೋಸ್," ಅಂದಳು. "ಅಂಬ್ರೋಸ್ ಸತ್ತುಹೋದ."