ಬಾಗಿಲ ಕೀಲು, ಮೊಣಕಾಲ ಕೀಲು

ಕಚೇರಿಯಲ್ಲಿ ಅವರಿಗೆ ಸ್ಕ್ರೂಡ್ರೈವರ್ ಮೇಡಂ ಎಂಬ ಹೆಸರು ಬಿದ್ದು ವರ್ಷಗಳೇ ಆಗಿದ್ದವು. ಮೊದಮೊದಲು ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ಮೆಲ್ಲಗೆ ಎದುರಿಗೇ ಬಂದು ನಿಂತಿತು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಕೈಚೀಲದಲ್ಲಿ ಕನ್ನಡಕದ ಪಕ್ಕ ನಿಜಕ್ಕೂ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಹೊರದೇಶದ ಸಾಮಾನು ಮೇಜಿನ ಮೇಲೆ ಬಂದು ಕೂತರೆ ಉಳಿದವರು ಅದರ ಜೊತೆಗೆ ಬಂದ ಕಾಗದ ಓದುತ್ತಿದ್ದರು. ಇವರು ಮೊದಲು ಸಾಮಾನನ್ನು ಬಿಚ್ಚುತ್ತಿದ್ದರು.

ಅವರ ಕೆಲಸವನ್ನು ಬೀದಿಗೆಲ್ಲ ವಿವರಿಸುವ ಹೊಣೆ ಅತ್ತೆಯದು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಹೋಗಿ ಬರುವವರನ್ನು ತಡೆದು ಹೇಳುತ್ತಿದ್ದರು.

"ನೋಡಿ, ಕೆಲವು ದೇಶದವರು ತಮ್ಮ ಮನೇಲಿ ನೂರಕ್ಕೆ ಮಾರೋದನ್ನ ಇಲ್ಲಿ ತಂದು ಅರವತ್ತಕ್ಕೆ ಸುರೀತಾರೆ, ನಮ್ಮ ಕಾರ್ಖಾನೆಗಳು ಬಾಗಿಲು ಮುಚ್ಲಿ ಅಂತ. ಅದಕ್ಕೆ ಆ್ಯಂಟಿ ಡಂಪಿಂಗ್ ಸುಂಕ. ಇನ್ನು ಕೆಲವರಿಗೆ ಅವರ ಸರ್ಕಾರಾನೇ ಸಬ್ಸಿಡಿ ಕೊಟ್ಟು, ಹೋಗಿ ಅಗ್ಗಕ್ಕೆ ಮಾರ್ಕೊಂಡು ಬನ್ನಿ ಅಂತ ಕಳಿಸುತ್ತೆ. ಅದನ್ನ ಸರಿತೂಗಿಸೋಕೆ ಇನ್ನೊಂದು ಸುಂಕ. ಯಾವ ಸಾಮಾನಿಗೆ ಬೀಳುತ್ತೆ, ಯಾವುದಕ್ಕೆ ಬೀಳಲ್ಲ ಅಂತ ತೀರ್ಮಾನ ಮಾಡೋಳು ನನ್ನ ಸೊಸೆ. ಅವಳು ಹೂಂ ಅನ್ನೋವರೆಗೆ ಹಡಗು ಅಲ್ಲೇ ನಿಂತಿರುತ್ತೆ."

"ಅತ್ತೆ, ಹಡಗು ನಿಲ್ಲಲ್ಲ. ಸಾಮಾನಿನ ಪೆಟ್ಟಿಗೆ ನಿಲ್ಲುತ್ತೆ, ಅಷ್ಟೆ," ಎಂದು ಮೇಡಂ ಒಳಗಿನಿಂದ ಕೂಗುತ್ತಿದ್ದರು.

"ಪೆಟ್ಟಿಗೆ ಅಂದ್ರೆ ಜನ ಬಟ್ಟೆ ಪೆಟ್ಟಿಗೆ ಅಂದ್ಕೋತಾರಮ್ಮ. ನೀನು ಸುಮ್ನಿರು."

ಬೀದಿಯವರು ಇದನ್ನು ಬಾಯಿ ತೆರೆದು ಕೇಳುವುದಕ್ಕೆ ಕಾರಣವಿತ್ತು. ಬೀದಿಯ ಕೊನೆಯಲ್ಲಿ, ಕೆಂಪು ಇಟ್ಟಿಗೆಯ ಉದ್ದನೆ ಕಟ್ಟಡದಲ್ಲಿ, ಉಕ್ಕಿನ ಬಾಗಿಲ ಕೀಲು ಮಾಡುವ ಕಾರ್ಖಾನೆ ಇತ್ತು. ಅರ್ಧ ಬೀದಿಯ ಹೊಟ್ಟೆಪಾಡು ಅದರಲ್ಲೇ. ಕೆಲವು ವರ್ಷಗಳ ಹಿಂದೆ ಹೊರಗಿನ ಅಗ್ಗದ ಕೀಲು ಬಂದು ಸುರಿದಾಗ ಕಾರ್ಖಾನೆಯ ಒಂದೊಂದೇ ಯಂತ್ರ ಬಾಯಿ ಮುಚ್ಚಿಕೊಂಡಿತ್ತು. ಆಮೇಲೆ ಸರ್ಕಾರ ತನಿಖೆ ಮಾಡಿ, ಆ ಕೀಲುಗಳ ಮೇಲೆ ಎರಡೂ ಸುಂಕ ಹಾಕಿ ಆದೇಶ ಹೊರಡಿಸಿತು. ಯಂತ್ರಗಳು ಮತ್ತೆ ಗಡಗಡ ಎಂದವು. ಆ ತನಿಖೆಯಲ್ಲಿ ಮೇಡಂ ಕಿರಿಯ ಅಧಿಕಾರಿಯಾಗಿದ್ದರು. ಅಂದಿನಿಂದ ಎದುರು ಮನೆಯ ಫೋರ್‌ಮನ್ ಅಣ್ಣ ಅವರನ್ನು ತಂಗಿ ಎಂದೇ ಕರೆಯುತ್ತಿದ್ದರು. ಕೈ ತುಂಬ ಸುಟ್ಟ ಕಲೆಗಳ, ಮಾತಿಗಿಂತ ಕೆಮ್ಮೇ ಜಾಸ್ತಿಯಾದ ಮನುಷ್ಯ. ಮೇಡಂ ಮನೆಯ ಯಾವ ಬಾಗಿಲು ಕಿರುಗುಟ್ಟಿದರೂ ಕರೆಯದೆಯೇ ಎಣ್ಣೆ ಡಬ್ಬಿ ಹಿಡಿದು ಬರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಬಂದು ಕೂತದ್ದು ಒಂದು ಮೊಣಕಾಲ ಕೀಲು.

ಎರಡು ಉಕ್ಕಿನ ಪಟ್ಟಿ, ನಡುವೆ ಒಂದು ಪಿನ್ನು, ಮೇಲೆ ಜಾರುವ ಒಂದು ಉಂಗುರ. ಕಾಲಿನಲ್ಲಿ ಬಲವಿಲ್ಲದವರು ಕಟ್ಟಿಕೊಳ್ಳುವ ಕ್ಯಾಲಿಪರಿನ ಮೊಣಕಾಲಿಗೆ ಕೂರಿಸುವ ಭಾಗ. ನಗರದ ಆಚೆ ತುದಿಯಲ್ಲಿ ಒಬ್ಬಾಕೆ ಕ್ಯಾಲಿಪರ್ ಮಾಡುವ ಸಣ್ಣ ಕಾರ್ಯಾಗಾರ ಇಟ್ಟಿದ್ದರು. ಈ ಭಾಗ ಮಾತ್ರ ಹೊರದೇಶದಿಂದ ತರಿಸುತ್ತಿದ್ದರು. ಈ ಸಲ ಬಂದರಿನಲ್ಲಿ ಅಧಿಕಾರಿಗಳು ತಡೆದರು. ಆದೇಶದಲ್ಲಿ ಬರೆದದ್ದು ಇಷ್ಟು: 'ಎರಡು ಉಕ್ಕಿನ ಎಲೆ ಮತ್ತು ಪಿನ್ನು ಇರುವ, ಬಾಗಿಲು, ಕಿಟಕಿ, ಪೆಟ್ಟಿಗೆ ಅಥವಾ ಇತರ ಚಲಿಸುವ ಭಾಗಗಳನ್ನು ಜೋಡಿಸುವ ಕೀಲು.' ಎಲೆ, ಅಂದರೆ ಪಟ್ಟಿ, ಎರಡಿವೆ, ಪಿನ್ನಿದೆ, ಕಾಲು ಚಲಿಸುತ್ತದೆ. ಕಟ್ಟಿ ಸುಂಕ ಎಂದರು. ಕಟ್ಟಿದರೆ ಒಂದು ಕ್ಯಾಲಿಪರಿನ ಬೆಲೆ ಸರಿಸುಮಾರು ಎರಡರಷ್ಟಾಗುತ್ತಿತ್ತು. ಇದು ಆದೇಶದ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಹೇಳಿ ಎಂದು ಆಕೆ ಅರ್ಜಿ ಹಾಕಿದರು. ಬರುತ್ತದೆ ಎಂದು ಕೀಲಿನ ಕಾರ್ಖಾನೆ ಎದುರು ವಾದ ಹೂಡಿತು.

ಮೇಡಂ ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋದರು.

"ಸರ್, ಈ ಕಾರ್ಖಾನೆಯವರು ನನ್ನ ಬೀದಿಯವರು. ಫೋರ್‌ಮನ್ ನನ್ನನ್ನ ತಂಗಿ ಅಂತಾರೆ. ಬೇರೆಯವರಿಗೆ ಕೊಡಿ."

ಮೇಲಧಿಕಾರಿ ಕನ್ನಡಕ ಹಣೆಗೇರಿಸಿದರು. "ರಕ್ತಸಂಬಂಧ ಇದೆಯಾ? ಕೊಡು-ಕೊಳ್ಳೋದು ಏನಾದ್ರೂ?"

"ಬಾಗಿಲಿಗೆ ಎಣ್ಣೆ ಬಿಟ್ಟು ಕೊಡ್ತಾರೆ, ಸರ್."

"ಎಣ್ಣೆ ಯಾರದ್ದು?"

"ನಮ್ಮದೇ ಅಂತ ಎಷ್ಟು ಹೇಳಿದ್ರೂ ಅವರದ್ದೇ ತರ್ತಾರೆ."

ಮೇಲಧಿಕಾರಿ ನಕ್ಕುಬಿಟ್ಟರು. "ಇದನ್ನೂ ಸೇರಿಸಿ ಎರಡೂ ಕಡೆಯವರಿಗೆ ತಿಳಿಸೋಣ. ಯಾರಾದ್ರೂ ಆಕ್ಷೇಪ ಎತ್ತಿದ್ರೆ ಬದಲಾಯಿಸ್ತೀನಿ." ಯಾರೂ ಎತ್ತಲಿಲ್ಲ. ಕಾರ್ಖಾನೆಯವರಿಗೆ ನಮ್ಮ ಮೇಡಂ ಎಂಬ ಧೈರ್ಯ. ಕ್ಯಾಲಿಪರಿನಾಕೆ, ಹೆಸರು ಕೇಳಿದ್ದೇನೆ, ಸಾಮಾನು ನೋಡದೆ ತೀರ್ಮಾನ ಮಾಡುವವರಲ್ಲವಂತೆ, ಅಷ್ಟು ಸಾಕು ಎಂದರಂತೆ. ಆ ಮಾತು ಮೇಡಂ ಕಿವಿಗೂ ಬಿತ್ತು. ಆ ದಿನ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಆದೇಶದ ಮಾತಿನ ಮೇಲೇ ತೀರ್ಮಾನ ಕೊಡಬಹುದಿತ್ತು. 'ಇತರ ಚಲಿಸುವ ಭಾಗಗಳು' ಎಂಬುದನ್ನು ಹಿಡಿದೆಳೆದರೆ ಜಗತ್ತಿನಲ್ಲಿ ಅದರ ಹೊರಗೆ ಉಳಿಯುವುದು ಕಮ್ಮಿ. ಕನ್ನಡಕದ ಕಡ್ಡಿಯೂ ಕೀಲೇ, ಕತ್ತರಿಯೂ ಕೀಲೇ. ಹಾಗೆಂದು ಬಿಟ್ಟುಕೊಟ್ಟರೆ ಆದೇಶವೇ ಜರಡಿಯಾಗುತ್ತದೆ. ಮಾತು ಎರಡೂ ಕಡೆ ವಾಲಿದಾಗ ನೋಡಬೇಕಾದದ್ದು ಬೇರೆ: ಸಾಮಾನಿನ ಮೈಕಟ್ಟು ಎಂಥದು, ಕೊಳ್ಳುವವರು ಅದರಿಂದ ಏನು ಬಯಸುತ್ತಾರೆ, ಯಾವ ಅಂಗಡಿಯಲ್ಲಿ ಸಿಗುತ್ತದೆ, ಕೊನೆಗೆ ಯಾವ ಕೆಲಸಕ್ಕೆ ಬರುತ್ತದೆ. ಮೇಡಂ ಎರಡೂ ಕಡೆಯವರಿಗೆ ತಿಳಿಸಿ ಕಾರ್ಯಾಗಾರಕ್ಕೆ ಹೊರಟರು. ಕಾರ್ಖಾನೆಯ ವಕೀಲರೂ ಹಿಂದೆಯೇ ಬಂದರು.

ಒಳಗೆ ಚರ್ಮದ ವಾಸನೆ. ಗೋಡೆಗೆ ಸಾಲಾಗಿ ಪ್ಲಾಸ್ಟರಿನ ಕಾಲುಗಳು ತೂಗಾಡುತ್ತಿದ್ದವು. ಕಿಟಕಿಯ ಹತ್ತಿರ ಗಣಿತದ ಮೇಷ್ಟ್ರೊಬ್ಬರು ಹೊಸ ಕ್ಯಾಲಿಪರಿನ ಅಳತೆ ನೋಡಿಸಿಕೊಳ್ಳಲು ಕೂತಿದ್ದರು. ಚಿಕ್ಕಂದಿನಲ್ಲೇ ಅವರ ಎಡಗಾಲಿನ ಶಕ್ತಿ ಹೋಗಿತ್ತು. ಕ್ಯಾಲಿಪರಿನಾಕೆ ಪಟ್ಟಿ ಬಿಗಿದು, "ಏಳಿ ಮೇಷ್ಟ್ರೇ," ಎಂದರು. ಮೇಷ್ಟ್ರು ಎದ್ದರು. ಉಂಗುರ ತಾನಾಗಿ ಕೆಳಕ್ಕೆ ಜಾರಿ ಟಕ್ ಎಂದು ಕೂತಿತು.

"ಈಗ ನೋಡಿ ಮೇಡಂ," ಎಂದು ಮೇಷ್ಟ್ರು ಎರಡೂ ಕೈ ಬಿಟ್ಟು ನಿಂತರು. "ಹೀಗೇ ಇಡೀ ದಿನ ಬೋರ್ಡ್ ಮುಂದೆ ನಿಲ್ತೀನಿ. ಮಕ್ಕಳಿಗೆ ನಾನು ಕೂರಲಿ ಅಂತ ಆಸೆ. ಕೂತರೆ ನಿದ್ದೆ ಹತ್ತಬಹುದು ಅಂತ."

"ನಿಂತಾಗ ಆ ಉಂಗುರ ಮೇಲಕ್ಕೆ ಹೋದ್ರೆ?"

"ಹೋದ್ರೆ ನಾನು ಕೆಳಕ್ಕೆ ಬರ್ತೀನಿ."

ಎಲ್ಲರೂ ನಕ್ಕರು, ವಕೀಲರೂ ಕೂಡ. ಮೇಡಂ ನಗುತ್ತಲೇ ಬಗ್ಗಿ ಆ ಉಂಗುರವನ್ನು ನೋಡುತ್ತಿದ್ದರು. ಬಾಗಿಲ ಕೀಲು ಇರುವುದು ತಿರುಗುವುದಕ್ಕೆ. ತಿರುಗದಿದ್ದರೆ ಕೆಟ್ಟಿದೆ ಎಂದರ್ಥ. ಇದು ಇರುವುದು ತಿರುಗದೆ ನಿಲ್ಲುವುದಕ್ಕೆ. ನಿಂತ ಹೊತ್ತಿನಲ್ಲಿ ತಿರುಗಿದರೆ ಕೆಟ್ಟಿದೆ ಎಂದರ್ಥ. ಅವರು ಒಂದು ಜೊತೆ ಬಿಡಿ ಭಾಗ ಕೇಳಿ ತೆಗೆದುಕೊಂಡು, ನೆಲದ ಮೇಲೆ ಕಾಗದ ಹಾಸಿ ಕೂತು, ಬಿಚ್ಚಿದರು. ಪಟ್ಟಿಗಳು ಕಾಲಿನ ಮೈಗೆ ಹೊಂದುವಂತೆ ಬಾಗಿದ್ದವು. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಸ್ಕ್ರೂ ಹಾಕಲು ತೂತಿರಲಿಲ್ಲ. ಇದ್ದದ್ದು ಚರ್ಮದ ಪಟ್ಟಿಗೆ ರಿವೆಟ್ ಹೊಡೆಯುವ ತೂತು. ಬಾಗಿಲಿಗೆ ಕೂರಿಸುತ್ತೇನೆಂದು ಹಟ ಹಿಡಿದರೂ ಕೂರುವಂತಿರಲಿಲ್ಲ.

ಅಹವಾಲು ಕೇಳುವ ದಿನ ಕಾರ್ಖಾನೆಯ ವಕೀಲರು ಚೆನ್ನಾಗಿಯೇ ವಾದಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. "ಇವತ್ತು ಇದನ್ನ ಬಿಟ್ಟರೆ ನಾಳೆ ಬಾಗಿಲ ಕೀಲಿನ ಪೆಟ್ಟಿಗೆ ಮೇಲೆಲ್ಲ ಮೊಣಕಾಲು ಅಂತ ಬರೆದು ತರ್ತಾರೆ, ಮೇಡಂ. ಕಾರ್ಖಾನೆ ಮತ್ತೆ ಬೀದಿಗೆ ಬೀಳುತ್ತೆ," ಎಂದರು. ಅವರ ಪಕ್ಕದಲ್ಲಿ ಸಾಕ್ಷಿಯಾಗಿ ಫೋರ್‌ಮನ್ ಅಣ್ಣ ಕೂತಿದ್ದರು, ಇಸ್ತ್ರಿ ಅಂಗಿ ಹಾಕಿಕೊಂಡು, ಮೇಡಂ ಮುಖ ನೋಡದೆ.

ಮೇಡಂ ಮೊಣಕಾಲ ಕೀಲನ್ನು ಅವರ ಕೈಗೆ ಕೊಡಿಸಿದರು. "ಇಂಥದ್ದನ್ನ ನಿಮ್ಮ ಕಾರ್ಖಾನೆ ಮಾಡುತ್ತಾ?"

ಫೋರ್‌ಮನ್ ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಉಂಗುರ ಎತ್ತಿದರು, ಬಿಟ್ಟರು. ಟಕ್. ಮತ್ತೆ ಎತ್ತಿದರು, ಬಿಟ್ಟರು. ತಾನು ಎಲ್ಲಿದ್ದೇನೆಂಬುದೇ ಅವರಿಗೆ ಮರೆತಂತಿತ್ತು.

"ಇಲ್ಲ."

"ಮಾಡ್ಕೊಡಿ ಅಂತ ಯಾರಾದ್ರೂ ಬಂದಿದ್ರಾ?"

"ಇಲ್ಲ."

"ನಿಮ್ಮ ಕೀಲಿನ ಬದಲು ಇದನ್ನ ಯಾರಾದ್ರೂ ಕೊಳ್ತಾರಾ?"

ವಕೀಲರು ಗಂಟಲು ಸರಿಮಾಡಿಕೊಂಡರು. ಫೋರ್‌ಮನ್ ಅಣ್ಣ ಅತ್ತ ನೋಡಲಿಲ್ಲ. ಒಂದು ಸಲ ಕೆಮ್ಮಿ, "ಸುಳ್ಳು ಯಾಕೆ ಹೇಳ್ಲಿ," ಎಂದರು. "ನಮ್ಮದು ಬಾಗಿಲು ಹೊರುತ್ತೆ. ಇದು ಮನುಷ್ಯನ್ನ ಹೊರುತ್ತೆ. ನಮ್ಮ ಪಿನ್ನು ಇದಕ್ಕೆ ಹಾಕಿದ್ರೆ ಪಾಪ ಯಾರೋ ಬೀಳ್ತಾರೆ."

ವಕೀಲರು ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷ ಎದುರು ಮನೆಯಲ್ಲಿದ್ದೂ ಈ ಮನುಷ್ಯನನ್ನು ತಾನು ಪೂರ್ತಿ ಅಳೆದಿರಲಿಲ್ಲ ಎಂದು ಮೇಡಂಗೆ ಅನ್ನಿಸಿತು.

ತೀರ್ಮಾನ ಬರೆಯಲು ಮೇಡಂ ಹೆಚ್ಚು ಹೊತ್ತು ತೆಗೆದುಕೊಂಡದ್ದು ಹೊರಗೆ ಬಿಡುವ ಮಾತಿಗಲ್ಲ, ಅದರ ಹಿಂದೆಯೇ ಬಾಗಿಲು ಹಾಕುವ ಮಾತಿಗೆ. ಮೊಣಕಾಲ ಕೀಲು ವ್ಯಾಪ್ತಿಯ ಹೊರಗೆ, ಸುಂಕವಿಲ್ಲ. ಆದರೆ ಯಾವ ಮೊಣಕಾಲ ಕೀಲು? ಎಡ-ಬಲ ಜೊತೆಯಾಗಿರಬೇಕು. ಪಟ್ಟಿ ಕಾಲಿನ ಮೈಗೆ ಬಾಗಿರಬೇಕು. ಸ್ಕ್ರೂ ತೂತು ಇರಕೂಡದು. ಉಂಗುರ ತನ್ನ ತೂಕಕ್ಕೇ ಜಾರಿ ಬೀಗವಾಗಬೇಕು, ಮತ್ತು ಬೀಗವಾದಾಗ ಆಳೊಬ್ಬನ ಭಾರಕ್ಕೆ ಜಗ್ಗಕೂಡದು. ಇದರಲ್ಲಿ ಒಂದು ತಪ್ಪಿದರೂ ಅದು ಬಾಗಿಲ ಕೀಲೇ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ. ಒಂದೊಂದು ವಾಕ್ಯವನ್ನೂ, ಬಂದರಿನಲ್ಲಿ ಗಾಳಿಗೆ ಕಾಗದ ಹಾರುವಾಗ ಅವಸರದಲ್ಲಿ ಓದುವ ಅಧಿಕಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಡಿದು, ತಿದ್ದಿ, ಮತ್ತೆ ಕಡಿದರು. ಮೇಲಧಿಕಾರಿ ಓದಿ ಸಹಿ ಹಾಕುವಾಗ, "ಒಂದು ಅಕ್ಷರ ಮುಟ್ಟೋ ಹಾಗಿಲ್ಲ," ಎಂದರು. ಅವರ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಮೇಡಂ ಮುಖ ಕೆಂಪಾಯಿತು.

ಬೀದಿಯಲ್ಲಿ ಮಾತ್ರ ಗಾಳಿ ಬದಲಾಯಿತು. 'ನಮ್ಮವರೇ ನಮಗೆ ಹೀಗೆ ಮಾಡಿದ್ರು' ಎಂದು ಕೆಲವರು ಮೂಗು ಮುರಿದರು. ಕಂಡರೆ ನಿಂತು ಮಾತಾಡುತ್ತಿದ್ದವರು ಚಪ್ಪಲಿ ನೋಡಿಕೊಂಡು ಹೋದರು. ಅತ್ತೆ ಇದನ್ನು ಸಹಿಸುವ ಪೈಕಿಯೇ? ಕುರ್ಚಿಯನ್ನು ಗೇಟಿನ ಹೊರಕ್ಕೇ ಹಾಕಿಸಿಕೊಂಡರು.

"ಏನಮ್ಮ, ನನ್ನ ಸೊಸೆ ನಿಮ್ಮ ಪರವಾಗಿ ಬರೆದಾಗ ನ್ಯಾಯ, ಬೇರೆಯವರ ಪರವಾಗಿ ಬರೆದ್ರೆ ಅನ್ಯಾಯಾನಾ? ಕಾಲಿಲ್ಲದೋರ ಕಾಲಿಗೆ ಸುಂಕ ಹಾಕಿ ನೀವು ಎಷ್ಟು ದಿನ ಉಣ್ತಿದ್ರಿ?"

"ಅತ್ತೆ, ಸಾಕು, ಒಳಗೆ ಬನ್ನಿ."

"ಬರಲ್ಲ. ನಿನಗೆ ಹೇಳ್ಕೊಳ್ಳೋಕೆ ನಾಚಿಕೆ. ನನಗೇನು?"

ಫೋರ್‌ಮನ್ ಅಣ್ಣನೂ ಬರಲಿಲ್ಲ. ಅಡುಗೆಮನೆಯ ಬಾಗಿಲು ಕಿರುಗುಟ್ಟಿತು. ಮೇಡಂ ತಾವೇ ಎಣ್ಣೆ ಬಿಟ್ಟುಕೊಂಡರು. ಮನಸ್ಸಿಗೆ ನೋವಾಗಲಿಲ್ಲವೆಂದಲ್ಲ. ಆದರೆ ಬೆಳಿಗ್ಗೆ ಎದ್ದು ಆ ತೀರ್ಮಾನವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡರೆ ಅದು ಎಲ್ಲಿಯೂ ಅಲುಗಾಡುತ್ತಿರಲಿಲ್ಲ. ಅಷ್ಟು ಗಟ್ಟಿಯಾದದ್ದನ್ನು ತಾನು ಕಟ್ಟಿದ್ದೇನೆ ಎನ್ನುವುದು ನೋವಿಗಿಂತ ದೊಡ್ಡದಾಗಿತ್ತು.

ಕೆಲವು ತಿಂಗಳ ನಂತರ ಬಂದರಿನಿಂದ ಫೋನ್ ಬಂತು. ಹೊಸದಾಗಿ ಸೇರಿದ ಅಧಿಕಾರಿ. ಹುಡುಗಿಯ ದನಿಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ.

"ಮೇಡಂ, ಮೊಣಕಾಲ ಕೀಲು ಅಂತ ಹೇಳಿ ಒಂದು ಕಂಟೇನರ್ ತುಂಬ ಬಂದಿದೆ. ನಿಮ್ಮ ತೀರ್ಮಾನ ಕೈಯಲ್ಲೇ ಹಿಡ್ಕೊಂಡು ಒಂದೊಂದೇ ಸಾಲು ಓದಿ ನೋಡಿದೆ. ಎಡ-ಬಲ ಒಂದೇ ಥರ ಇವೆ. ಉಂಗುರ ಇದೆ, ಆದ್ರೆ ಜಾರ್ತಾ ಇಲ್ಲ. ಎಳೆದು ನೋಡಿದೆ, ಕಿತ್ತುಬಂತು, ಅಂಟಿಸಿದಾರೆ! ಕೆಳಗೆ ಸ್ಕ್ರೂ ತೂತಿಗೆ ಮೇಣ ತುಂಬಿದಾರೆ."

"ಅಂದ್ರೆ ಬಾಗಿಲ ಕೀಲು."

"ಅಪ್ಪಟ ಬಾಗಿಲ ಕೀಲು, ಮೇಡಂ. ಎರಡೂ ಸುಂಕ ಹಾಕ್ಲಾ?"

"ನೀವೇ ಹೇಳಿ. ಆ ಸಾಲುಗಳು ಏನು ಹೇಳ್ತವೆ?"

ಆಚೆ ಕಡೆ ಕಾಗದ ಮಗುಚಿದ ಸದ್ದು. "ಹಾಕಬೇಕು ಅಂತ ಹೇಳ್ತವೆ," ಎಂದಳು ಹುಡುಗಿ, ಈಗ ನಿಧಾನವಾಗಿ, ತನ್ನದೇ ಮಾತೆಂಬಂತೆ.

ಫೋನ್ ಇಟ್ಟ ಮೇಲೆ ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಾನು ಇಲ್ಲಿ ಕೂತು ಆರಿಸಿದ ಪದಗಳು, ತಾನು ನೋಡಿರದ ಒಂದು ಪೆಟ್ಟಿಗೆಯನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದವು. ಬೆನ್ನು ತಟ್ಟಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಆ ದಿನ ಮಾತ್ರ ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ಕಂಡಾಗ ಅದರ ಕಡೆ ನೋಡಿ ಒಂದು ನಗೆ ನಕ್ಕರು.

ಸುದ್ದಿ ಬೀದಿಗೆ ಹೇಗೆ ಬಂತೋ, ಅವರು ಮನೆಗೆ ಬರುವ ಹೊತ್ತಿಗೆ ಅತ್ತೆಯ ಕುರ್ಚಿಯ ಸುತ್ತ ಜನ ಸೇರಿದ್ದರು. ಅತ್ತೆಯ ಮಾತಿನಲ್ಲಿ ಹಡಗು ಮತ್ತೆ ನಿಂತಿತ್ತು. ಮೇಡಂ ತಿದ್ದಲು ಹೋಗಲಿಲ್ಲ. ಫೋರ್‌ಮನ್ ಅಣ್ಣ ಗೇಟಿನ ಆ ಬದಿ ನಿಂತಿದ್ದವರು ಕೆಮ್ಮಿ, ಎರಡು ಹೆಜ್ಜೆ ಮುಂದೆ ಬಂದರು. ಹೊಗಳಿಕೆ ಬರಬಹುದು, ಕ್ಷಮೆಯ ಮಾತೂ ಬರಬಹುದು ಎಂದು ಜನ ಕಿವಿ ನೆಟ್ಟಗೆ ಮಾಡಿದರು.

"ತಂಗಿ," ಎಂದರು ಅವರು ತುಂಬ ಗಂಭೀರವಾಗಿ, "ಉಕ್ಕಿಗೆ ಉಕ್ಕು ಅಂಟಿಸಿದ್ರಂತಲ್ಲ. ಅಷ್ಟು ದೂರ ಹಡಗಲ್ಲಿ ಬಂದ್ರೂ ಬಿಟ್ಟಿಲ್ಲ ಅಂದ್ರೆ, ಅದು ಯಾವ ಅಂಟು ಅಂತ ಸ್ವಲ್ಪ ಕೇಳಿ ಹೇಳ್ತೀಯಾ?"