ಗಂಟೆ ಹೊಡೆದರೆ ಕುರಿಯೂ ಹಾಜರು

"ಮೇಡಮ್ಮೋರೆ, ವಸಿ ನಿಲ್ಸಿ ಆ ಗಂಟೆಯ! ಒತ್ತುಟ್ಟಕ್ಕೆ ಮುಂಚೆ ಅದ್ಯಾವೂರ್ ಇಸ್ಕೂಲು? ನನ್ ಕುರಿ ರೊಪ್ಪದ್ ಬಾಗ್ಲ ಮುರ್ದಾಕ್ತಾ ಅವೆ!"

"ನಾನು ಹೊಡೀತಿರೋದು ಮಕ್ಕಳಿಗೆ ಗೌಡ್ರೆ, ನಿಮ್ ಕುರಿಗಲ್ಲ."

"ಅದ್ನ ನನ್ ಕುರಿಗೇ ಯೋಳಿ! ನಾನ್ ಯೋಳಿ ಯೋಳಿ ಸಾಕಾಯ್ತು."

ಹಾಲುಗಟ್ಟೆಕೊಪ್ಪಲಿನ ಸರ್ಕಾರಿ ಪ್ರೌಢಶಾಲೆಯ ಗೇಟಿನ ಆಚೆ ಕಂಬಳಿ ಹೊದ್ದ ಬೋರಯ್ಯ, ಈಚೆ ಸ್ವೆಟರಿನ ಮೇಲೆ ಸೆರಗು ಬಿಗಿದ ಮುಖ್ಯ ಶಿಕ್ಷಕಿ ಮಹದೇವಮ್ಮ. ಡಿಸೆಂಬರಿನ ನಸುಕು. ಮುಖ ಕಾಣುವಷ್ಟು ಬೆಳಕಿಲ್ಲ, ಬೈಗುಳಕ್ಕೆ ಅದು ಬೇಕಾಗಿಯೂ ಇಲ್ಲ. ಮಹದೇವಮ್ಮನವರ ಕೈಯಲ್ಲಿ ಕಬ್ಬಿಣದ ಸರಳು. ಹೊಂಗೆ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡೇ ಶಾಲೆಯ ಗಂಟೆ. ಮಳವಳ್ಳಿ ಕಡೆಯ ಈ ಊರು ಕಂಡಿರುವ ರೈಲು ಅಷ್ಟೇ.

ಬೋರಯ್ಯನವರ ದೂರಿನಲ್ಲಿ ಸುಳ್ಳಿಲ್ಲ. ಅವರ ಬಂಡೂರು ಕುರಿಗಳ ರೊಪ್ಪ ಶಾಲೆಯ ಗೋಡೆಗೇ ಅಂಟಿಕೊಂಡಿದೆ. ಬೆಳಗಿನ ಗಂಟೆ ಬಾರಿಸಿದಾಗ ಕುರಿ ಬಿಡುವುದು ಅವರ ಅಪ್ಪನ ಕಾಲದ ರೂಢಿ. ಗಂಟೆ ಎಂದರೆ ಮೇವು ಎಂಬ ಪಾಠವನ್ನು ಕುರಿಗಳು ಮಕ್ಕಳಿಗಿಂತ ಚೆನ್ನಾಗಿ ಕಲಿತಿವೆ. ಈಗ ಹತ್ತನೇ ತರಗತಿಯ ಪರೀಕ್ಷೆಗೆಂದು ಕತ್ತಲಲ್ಲೇ ಗಂಟೆ ಬಾರಿಸಿದರೆ ಅವು ಸುಮ್ಮನಿರುತ್ತವೆಯೇ? ಬಾಗಿಲಿಗೆ ಗುದ್ದಿ ಊರ ತುಂಬ ಓಡುತ್ತವೆ. ಹಿಡಿದು ತರಬೇಕಾದವಳು ಮೊಮ್ಮಗಳು ದೀಪಿಕ. ಅವಳಿರುವುದೂ ಹತ್ತನೇ ತರಗತಿಯಲ್ಲೇ, ಗಣಿತದಲ್ಲಿ ಎಲ್ಲರಿಗಿಂತ ಹಿಂದೆ. ಯಾರಿಗಾಗಿ ಮುಖ್ಯವಾಗಿ ಈ ನಸುಕಿನ ಪಾಠವೋ, ಅವಳೊಬ್ಬಳೇ ಪಾಠಕ್ಕಿಲ್ಲ.

ಸಿಟ್ಟು ಬಂದರೆ ಮಹದೇವಮ್ಮನವರ ಬಾಯಲ್ಲೂ ಹಳ್ಳಿಯ ಮಾತೇ. "ಗಂಟೆ ನಿಲ್ಲಕಿಲ್ಲ ಗೌಡ್ರೆ. ಮಗೀನ ಕಳಿಸಿ. ಕುರಿ ಬುಟ್ಟು ಬರಕ್ಕಾಗಕಿಲ್ಲ ಅಂದ್ರೆ ಕುರೀನೂ ವಡ್ಕೊಂಡ್ ಬರ್ಲಿ!"

ಅದು ಬಾಯಿ ಜಾರಿದ ಮಾತು. ಬೋರಯ್ಯ ಹಾಗೆ ಬಿಡುವ ಆಸಾಮಿಯಲ್ಲ.

ಮಹದೇವಮ್ಮ ಶಿವನಸಮುದ್ರದ ಕಡೆಯವರು. ಅಪ್ಪನಿಗೆ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೂಲಿ ಕೆಲಸ. ಅಪ್ಪನ ಶಿಫ್ಟಿಗೆ ಇಡೀ ಮನೆ ಏಳುತ್ತಿತ್ತು. ಕಳೆದ ವರ್ಷ ಮಹದೇವಮ್ಮ ಈ ಶಾಲೆಗೆ ಬಂದಾಗ ಗಂಟೆ ಹೊಡೆಯುತ್ತಿದ್ದುದು ಹೊತ್ತು ನೋಡಿಯಲ್ಲ, ಮೇಷ್ಟ್ರುಗಳನ್ನು ಕರೆತರುವ ಬಸ್ಸು ನೋಡಿ. ಬಸ್ಸು ಕೆಟ್ಟರೆ ಶಾಲೆಗೆ ರಜೆ. ಹೆಣ್ಣುಮಕ್ಕಳ ಶೌಚಾಲಯದ ಒಳಗೆ ಮುರಿದ ಬೆಂಚು, ಬಾಗಿಲಿಗೆ ಬೀಗ. ಮಧ್ಯಾಹ್ನ ಮನೆಗೆ ಹೋದ ಹುಡುಗಿಯರು ತಿರುಗಿ ಬರುತ್ತಿರಲಿಲ್ಲ. ಬೀಗದ ಕೈ ಎಲ್ಲಿ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡಿದರು. ಮಹದೇವಮ್ಮ ಗಂಟೆಯ ಸರಳಿನಿಂದಲೇ ಬೀಗ ಒಡೆದರು. ಆ ವರ್ಷ ಹತ್ತನೇ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲು. "ಮಕ್ಕಳ ಬೈಯಕ್ಕೆ ನಂಗೆ ಬಾಯಿ ಬರ್ನಿಲ್ಲ. ನಾವು ಬಸ್ಸಿಗೆ ಕಾಯ್ಕಂಡು ಕೂತಿದ್ರೆ ಅವು ಏನ್ ಮಾಡವು?" ಎನ್ನುತ್ತಾರೆ.

ಜಗಳದ ಮರುದಿನ ಗಂಟೆ ಬಾರಿಸಿದ್ದೇ ತಡ, ಗೇಟಿನಲ್ಲಿ ಧೂಳು. ಮುಂದೆ ಟಗರು, ಹಿಂದೆ ಮಂದೆ, ಅದರ ಹಿಂದೆ ದೀಪಿಕ, ಕೊನೆಯಲ್ಲಿ ಮೀಸೆ ತಿರುವುತ್ತಾ ಬೋರಯ್ಯ.

"ನೀವೇ ಯೋಳುದ್ರಲ್ಲ ಮೇಡಮ್ಮೋರೆ. ತಕಳಿ, ಎಲ್ರೂ ಬಂದವ್ರೆ. ಆಜ್ರಿ ಆಕಳಿ."

ಮಹದೇವಮ್ಮ ಸೋಲುವ ಹೆಂಗಸಲ್ಲ. ಆಟದ ಮೈದಾನದಲ್ಲಿ ಸೊಂಟದುದ್ದ ಹುಲ್ಲು ಬೆಳೆದು ಹಾವು ಸೇರಿಕೊಂಡಿದ್ದವು. ಕೀಳಿಸಿ ಎಂದು ಅವರು ಕೈಮುಗಿಯದ ಪಂಚಾಯ್ತಿ ಮೆಂಬರಿಲ್ಲ. "ಬುಡಿ ಅಲ್ಲಿಗೆ," ಎಂದರು. ಕುರಿ ಮೈದಾನಕ್ಕೆ, ದೀಪಿಕ ಬೋರ್ಡಿನ ಮುಂದಕ್ಕೆ. ಸರ್ಕಾರವನ್ನು ನಂಬಿ ಕುರಿ ಬಿಟ್ಟುಹೋಗಲು ಮನಸ್ಸಾಗದೆ ಬೋರಯ್ಯ ಜಗುಲಿಯಲ್ಲೇ ಕೂತರು. ಒಳಗೆ ಮೊಮ್ಮಗಳು ಲೆಕ್ಕದಲ್ಲಿ ತಡವರಿಸಿದರೆ ಹೊರಗಿನಿಂದ, "ಯೋಳು ಮಗಾ, ಯೋಳು. ಕುರಿ ಕರ್ಯಾಗ ಊರೆಲ್ಲಾ ಕೇಳ್ತದೆ ನಿನ್ ಗಂಟ್ಲು!"

ಟಗರು ಒಂದು ದಿನ ಕೊಠಡಿಗೇ ನುಗ್ಗಿ ಹಿಂದಿನ ಬೆಂಚಿನ ಪಕ್ಕ ನಿಂತಿತು. ಅದೇ ಹೊತ್ತಿಗೆ, ನಸುಕಿನ ಪಾಠಕ್ಕೆ ತಿಂಗಳಿಂದ ನೆಪ ಹೇಳುತ್ತಿದ್ದ ವಿಜ್ಞಾನದ ಮೇಷ್ಟ್ರು ನಾಗರಾಜು ತಡವಾಗಿ ಒಳಗೆ ಬಂದರು. "ನೋಡಿ ನಾಗರಾಜು, ಇದು ನಿಮಗಿಂತ ಮೊದಲೇ ಬಂದದೆ," ಎಂದರು ಮಹದೇವಮ್ಮ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನದಿಂದ ನಾಗರಾಜು ಟಗರಿಗಿಂತ ಮುಂಚೆ ಹಾಜರು.

ಫೆಬ್ರವರಿಯಲ್ಲಿ ಒಮ್ಮೆ ಮಹದೇವಮ್ಮನವರ ಸ್ಕೂಟರು ದಾರಿಯಲ್ಲಿ ಕೈಕೊಟ್ಟಿತು. ತಳ್ಳಿಕೊಂಡು, ಬೆವರು ಸುರಿಸಿಕೊಂಡು, ಇವತ್ತು ಪಾಠ ಹಾಳಾಯಿತೆಂದು ಮೇಷ್ಟ್ರುಗಳಿಗೂ ಸ್ಕೂಟರಿಗೂ ಸೇರಿಸಿ ಬೈದುಕೊಂಡು ಬರುತ್ತಿದ್ದರೆ ಕೆರೆ ಏರಿಯ ಮೇಲೇ ಗಂಟೆ ಕೇಳಿಸಿತು. ಗೇಟಿನಲ್ಲಿ ಬೋರಯ್ಯ, ಕೈಯಲ್ಲಿ ಸರಳು.

"ಏನ್ ಮೇಡಮ್ಮೋರೆ ಇಷ್ಟೊತ್ಗಾ ಬರದು? ಕುರಿ ಕಾಯ್ತಾ ನಿಂತವೆ, ಐಕ್ಳು ಕಾಯ್ತಾ ನಿಂತವೆ. ನಾನೇ ವಡ್ದೆ!"

ಮಹದೇವಮ್ಮ ಸ್ಕೂಟರು ನಿಲ್ಲಿಸಿ, ಸರಳನ್ನು ಅವರ ಕೈಯಲ್ಲೇ ಬಿಟ್ಟು ಪಾಠಕ್ಕೆ ಓಡಿದರು.

ಫಲಿತಾಂಶ ಬಂದಾಗ ಒಬ್ಬ ಹುಡುಗನ ಹೊರತು ಎಲ್ಲರೂ ಪಾಸು. ದೀಪಿಕ ಗಣಿತದಲ್ಲಿ ಬೇಲಿ ಸಂದಿಯಲ್ಲಿ ನುಸುಳಿದ ಮರಿಯಂತೆ ಪಾರಾಗಿದ್ದಾಳೆ. ಅಭಿನಂದಿಸಲು ಯಾರೂ ಬಂದಿಲ್ಲ. ಆ ಫೇಲಾದ ಹುಡುಗ ಯಾಕೆ ಫೇಲಾದ ಎಂದು ಕೇಳಿ ಮೇಲಿನವರ ಪತ್ರ ಮಾತ್ರ ಬಂದಿದೆ. ಮಹದೇವಮ್ಮನವರಿಗೆ ಪ್ರಶಸ್ತಿಯ ಚಿಂತೆಯಿಲ್ಲ. "ಫೇಲಾದ ಐಕ್ಳು ಮತ್ತೆ ಪರೀಕ್ಷೆ ಕಟ್ಟಕ್ಕೆ ತಲೆ ತಗ್ಗಿಸ್ಕಂಡು ಈ ಗೇಟಲ್ಲಿ ಬರೋದ ನೋಡಕ್ಕಾಗಕಿಲ್ಲ. ನಂಗಿರೋದು ಒಂದೇ ಆಸೆ. ಇಲ್ಲಿಂದ ಹೋದೋರು ವಾಪಸ್ ಬರಬಾರ್ದು."

ಜೂನಿನಲ್ಲಿ ದೀಪಿಕ ಟಿ.ಸಿ. ತೆಗೆದುಕೊಳ್ಳಲು ಬರುತ್ತಾಳೆ. ಮಳವಳ್ಳಿಯ ಕಾಲೇಜಿಗೆ ಸೇರಬೇಕು. ಸಹಿ ಹಾಕಿಕೊಟ್ಟ ಮಹದೇವಮ್ಮ ಬೆರಳು ತೋರಿಸಿ ಹೇಳುತ್ತಾರೆ: "ಇನ್ ಮೇಲೆ ಈ ಗೇಟೊಳಕ್ಕೆ ಕಾಲಿಕ್ಕಬೇಡ."

"ಕುರಿ ವಡ್ಕೊಂಡು ಬರಬೋದಾ ಮಿಸ್?"

"ಅದಕ್ಕೂ ಬೇಡ."

ದೀಪಿಕ ಕಾಗದ ಮಡಚಿ ಚೀಲಕ್ಕೆ ಹಾಕಿ, ಹಾರ್ನ್ ಹೊಡೆಯುತ್ತಿರುವ ಬಸ್ಸಿನತ್ತ ಓಡುತ್ತಾಳೆ. ಟಗರು ಗೇಟಿನವರೆಗೆ ಹಿಂಬಾಲಿಸಿ ನಿಲ್ಲುತ್ತದೆ.

ಮರುದಿನ ನಸುಕಿನಲ್ಲಿ ಹೊಸ ಹತ್ತನೇ ತರಗತಿಗೆ ಗಂಟೆ. ಕುರಿಗಳು ಹಾಜರು. ಹಿಂದೆ ಏದುಸಿರು ಬಿಡುತ್ತಾ ಬೋರಯ್ಯ ಒಬ್ಬರೇ.

"ಕುರಿ ವಡ್ಕೊಂಡು ಬಾ ಮಗಾ ಅಂದ್ರೆ, ಮೇಡಮ್ಮೋರು ಗೇಟೊಳಕ್ಕೆ ಬರಬ್ಯಾಡ ಅಂದವ್ರೆ ಅಂತಾಳೆ. ಇದೇನ್ ಯೋಳ್ಕೊಟ್ರಿ ನೀವು?"

ದೀಪಿಕ ಇವತ್ತಿಗೂ ಆ ಗೇಟು ದಾಟಿ ಒಳಗೆ ಬಂದಿಲ್ಲ.