ಗಾಳೆಪ್ಪ ಮೇಷ್ಟ್ರ ಅರ್ಧ ಪಾಠ

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದ ಗಾಳೆಪ್ಪ ಮೇಷ್ಟ್ರನ್ನು ಕೆಟ್ಟವರೆಂದರೆ ನಾಲಗೆ ಬಿದ್ದೀತು. ಅವರ ಕೇರಿಯಲ್ಲಿ ಬಿಎಸ್ಸಿ ಮಾಡಿದವರು ಅವರೇ ಮೊದಲು. ಓದಿಸಿದವಳು ದೊಡ್ಡವ್ವ ಪಕ್ಕೀರಮ್ಮ. ಎಳೆಯ ವಯಸ್ಸಿನಲ್ಲೇ ಅವಳ ಕೂದಲು ಗಂಟುಗಟ್ಟಿ ಜಡೆಯಾಯಿತು. ದೇವಿ ಒಲಿದಳೆಂದು ಹಿರಿಯರು ಅವಳನ್ನು ಜೋಗತಿಯಾಗಿ ದೇವಿಗೆ ಬಿಟ್ಟರು, ಅವಳನ್ನು ಒಂದು ಮಾತು ಕೇಳಿದವರಿಲ್ಲ. ದೇವಿಯ ಬುಟ್ಟಿ ಹೊತ್ತು ಅವಳು ಮನೆಮನೆ ಬೇಡಿ ತಂದ ಜೋಳದಲ್ಲೇ ಗಾಳೆಪ್ಪ ಬೆಳೆದರು.

ಇದನ್ನು ಮೇಷ್ಟ್ರು ಕೊಟ್ಟೂರಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ನಾಚಿಕೆ! ಸಂತೆಯಲ್ಲಿ ಎದುರಾದರೆ ಪಕ್ಕೀರಮ್ಮನೇ ಮುಖ ತಿರುಗಿಸಿ ನಡೆದುಬಿಡುತ್ತಿದ್ದಳು. ಸಾಕಿದ ಮಗನ ಮರ್ಯಾದೆ ಅವಳಿಗೆ ಅಷ್ಟು ದೊಡ್ಡದು.

೧೯೭೯ರಲ್ಲಿ ಹತ್ತನೇ ತರಗತಿಗೆ ಅವರು ಜಡೆಯ ಪಾಠ ಮಾಡಿದರು. "ಎಣ್ಣಿ, ಧೂಳು, ಬೆವರು. ಸೀಗಿಕಾಯಿ ಕಾಣದ ಕೂದಲು ಅಂಟಿಕೊಂಡ್ರ ಜಡಿ ಆಗ್ತೈತಿ. ದೇವಿಗೂ ಅದಕ್ಕೂ ಸಂಬಂಧ ಇಲ್ಲ."

ಎಲ್ಲ ನಿಜವೇ. ಆದರೆ ಜಡೆ ಹೊತ್ತವಳು ಹೇಗೆ ಬದುಕುತ್ತಾಳೆ, ಯಾರಿಗಾಗಿ ಬೇಡಿಕೊಳ್ಳುತ್ತಾಳೆ ಎಂಬುದೂ ಮೇಷ್ಟ್ರಿಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಹೇಳಿದ್ದರೆ "ನಿಮಗ ಹೆಂಗ ಗೊತ್ರಿ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಮುಂದಿನ ಸಂತೆಯ ದಿನ ತರಗತಿಗೇ ಜಾಣನಾದ ಓಬಳೇಶ ಇನ್ನಿಬ್ಬರನ್ನು ಕಟ್ಟಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಮುದುಕಿಯನ್ನು ಹಿಡಿದು ಜಡೆ ಕತ್ತರಿಸಿದ. ಮರುದಿನ ಅದನ್ನು ಗಾಜಿನ ಜಾಡಿಯಲ್ಲಿಟ್ಟು ಮೇಷ್ಟ್ರ ಮೇಜಿಗೆ ತಂದ.

"ನೀವು ಹೇಳಿದ್ದು ಖರೇ ರೀ ಸರ್. ದೇವಿ ಏನೂ ಮಾಡ್ಲಿಲ್ಲ. ಮುದುಕಿ ಅತ್ತಳು, ಅಷ್ಟೇ."

ಜಡೆಯ ತುದಿಗೆ ಸುತ್ತಿದ್ದ ತಾಮ್ರದ ಕಡಗ ಮೇಷ್ಟ್ರದೇ, ಅವರು ಕೂಸಾಗಿದ್ದಾಗಿನದು. ಆದರೂ ಬೈಯಲಿಲ್ಲ. ಬೈದರೆ 'ನಮ್ಮ ದೊಡ್ಡವ್ವ' ಎಂಬ ಮಾತು ಹೊರಬಿದ್ದುಬಿಡುತ್ತಿತ್ತು. "ಹೋಗ್ರಿ, ಕ್ಲಾಸಿಗೆ" ಎಂದರು. ಅಯ್ಯೋ, ಎಂಥ ಹೇಡಿತನ!

ಶಾಲೆ ಬಿಟ್ಟ ಕೂಡಲೇ ಅವಳ ಹಳ್ಳಿಗೆ ಓಡಿದರು. ಪಕ್ಕೀರಮ್ಮ ತಲೆಗೆ ಸೆರಗು ಸುತ್ತಿ ಕೂತಿದ್ದಳು.

"ಹುಡುಗ್ರಿಗೆ ಏನೂ ಆಗಬಾರ್ದು ನೋಡಪ್ಪಾ. ದೇವಿ ಅವ್ವನ ಸಿಟ್ಟು ನನ್ನ ಮ್ಯಾಲೇ ಇರ್ಲಿ ಅಂತ ಉಪಾಸ ಹಿಡದೀನಿ. ಪಾಪ, ಓದೋ ಮಕ್ಕಳು."

"ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ ದೊಡ್ಡವ್ವಾ. ಉಣ್ಣು, ನಿನ್ನ ಕಾಲಿಗೆ ಬೀಳ್ತೀನಿ."

"ನಿನ್ನ ಪುಸ್ತಕದಾಗಿಂದೂ ಖರೇನ ಇರಬೇಕು, ನಾ ಇಲ್ಲ ಅನ್ನಂಗಿಲ್ಲ. ಇದೊಂದು ನನಗ ಬಿಡು."

ದಿನವೂ ಗಂಜಿ ಹಿಡಿದು ಹೋದರು. ಅವಳು ಬಾಯಿ ತೆರೆಯಲಿಲ್ಲ. ಒಂಬತ್ತನೇ ದಿನ ತೀರಿಕೊಂಡಳು.

ಊರು ಸುಮ್ಮನಿದ್ದೀತೆ? ದೇವಿಯೇ ಜೀವ ತೆಗೆದಳು, ಇನ್ನು ಹುಡುಗರ ಸರದಿ ಎಂದಿತು. ಓಬಳೇಶನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಭಯ ಬಿಡಲಿಲ್ಲ. ಪುಸ್ತಕಗಳನ್ನು ಒಲೆಗಿಟ್ಟ. ತಪ್ಪುಕಾಣಿಕೆಯಾಗಿ ತಂಗಿ ಚೌಡಕ್ಕನನ್ನು ದೇವಿಗೆ ಬಿಡಬೇಕೆಂದು ಹಟ ಹಿಡಿದ. ಮನೆಯವರೂ ಹೆದರಿ ಹೂಂ ಎಂದರು. ಹುಡುಗಿಗೆ ಹದಿಮೂರು ವರ್ಷ.

ಮೇಷ್ಟ್ರು ಓಬಳೇಶನ ಮನೆಗೆ ಹೋಗಿ, ಕೊನೆಗೂ ಬಾಯಿಬಿಟ್ಟರು.

"ಆಕಿ ನಮ್ಮ ದೊಡ್ಡವ್ವ ನೋಡೋ. ದೇವಿ ಕೊಲ್ಲಲಿಲ್ಲ. ನಿಮಗ ಏನೂ ಆಗಬಾರ್ದು ಅಂತ ಉಪಾಸ ಬಿದ್ದು ಸತ್ಲು. ತಂಗೀನ ಬಿಡಬ್ಯಾಡ, ಕೈ ಮುಗೀತೀನಿ."

ಓಬಳೇಶ ಗಲ್ಲ ಗಲ್ಲ ಬಡಿದುಕೊಂಡ.

"ನಮ್ಮ ಸಲುವಾಗಿ ಆಕಿ ಜೀವಾನ ಕೊಟ್ಟಾಳ ಅಂದ್ರ, ದೇವಿ ಸಿಟ್ಟು ಎಷ್ಟು ದೊಡ್ಡದಿರಬೇಕ್ರಿ ಸರ್!"

ಬಂದ ಹುಣ್ಣಿಮೆಗೇ ಚೌಡಕ್ಕನನ್ನು ದೇವಿಗೆ ಬಿಟ್ಟರು.